ಓಟಿನಿಂದ ಗೆದ್ದ ಫುಟ್‌ಬಾಲು

"ಸರ್ಕಾರ ಏನು ಮಾಡ್ತಾ ಇದೆ?" ಎಂದು ಕೇಳುವುದು ನನಗೆ ಹುಟ್ಟಿನಿಂದ ಬಂದ ಚಟ. ಮೈಸೂರಿನಲ್ಲಿ ನಲ್ಲಿಯಲ್ಲಿ ನೀರು ಬಾರದಿದ್ದರೂ ಕೇಳುತ್ತಿದ್ದೆವು, ಮದುವೆಮನೆಯಲ್ಲಿ ಸಾರು ತೆಳ್ಳಗಾದರೂ ಕೇಳುತ್ತಿದ್ದೆವು. ಮೇರಿಲ್ಯಾಂಡಿಗೆ ಬಂದು ಎಲಿಕಾಟ್ ಸಿಟಿಯಲ್ಲಿ ಮನೆ ಮಾಡಿದ ಮೇಲೂ ಚಟ ಬಿಡಲಿಲ್ಲ. ಇಲ್ಲಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಇವರ ಪಾಲಿಗೆ ಸರ್ಕಾರವೆಂದರೆ ಕರೆಯದೆ ಊಟಕ್ಕೆ ಬಂದು ಕೂರುವ ನೆಂಟ. ನಮಗೋ, ಎಷ್ಟು ಸಲ ಕರೆದರೂ ಬಾರದ ಸೋದರಮಾವ.

ತೊಂಬತ್ತರ ದಶಕದ ಆ ಒಂದು ವರ್ಷ, ನನ್ನ ಈ ಚಟಕ್ಕೆ ಜೊತೆಗಾರರೊಬ್ಬರು ಸಿಕ್ಕರು. ನಮ್ಮ ಪಕ್ಕದ ಮನೆಯ ವಾಲ್ಟರ್. ಸೌತ್ ಕೆರೊಲೈನಾದಲ್ಲಿ ಹುಟ್ಟಿ, ಬಾಲ್ಟಿಮೋರಿನಲ್ಲಿ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಕಪ್ಪು ಜನಾಂಗದ ಹಿರಿಯರು. ಹೆಂಡತಿ ತೀರಿಕೊಂಡಿದ್ದರು. ಮಗಳು ಅಟ್ಲಾಂಟಾದಲ್ಲಿ. ನಾನು ಅವರನ್ನು ಅವರ ಊರಿನ ಪದ್ಧತಿಯಂತೆ 'ಮಿಸ್ಟರ್ ವಾಲ್ಟರ್' ಎನ್ನುತ್ತಿದ್ದೆ. ಅವರು ನನ್ನನ್ನು ಬರೀ 'ರಾವ್' ಎನ್ನುತ್ತಿದ್ದರು. ಅಮೆರಿಕದ ಫುಟ್‌ಬಾಲ್ ಎಂಬ, ಕಾಲನ್ನು ಅಪರೂಪಕ್ಕೆ ಬಳಸುವ ಆಟವನ್ನು ನನಗೆ ಕಲಿಸಿದವರು ಅವರೇ. ಶನಿವಾರ ಮಧ್ಯಾಹ್ನ ಅವರ ಟಿವಿಯ ಮುಂದೆ ನಾನು, ನನ್ನ ಕೈಯಲ್ಲಿ ಹೆಂಡತಿ ವಸುಧಾ ಕೊಟ್ಟ ಚಕ್ಕುಲಿಯ ಡಬ್ಬ. ಖಾರ ಜಾಸ್ತಿ ಎನ್ನುತ್ತಲೇ ವಾಲ್ಟರ್ ಡಬ್ಬ ಖಾಲಿ ಮಾಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ದನಿಯ ಎಳೆತ ಇದರಲ್ಲಿ ಬರುವುದಿಲ್ಲ, ಕ್ಷಮಿಸಿ.

ನನಗೆ ಆಟ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಆದರೆ ಗೆದ್ದವರನ್ನು ಗುರುತಿಸುವ ರೀತಿ ಇವತ್ತಿಗೂ ಅರ್ಥವಾಗಿಲ್ಲ. ಕಾಲೇಜು ತಂಡಗಳು ಚಳಿಗಾಲದ ತನಕ ಮೂಳೆ ಮುರಿದುಕೊಂಡು ಆಡುತ್ತವೆ. ಕೊನೆಯಲ್ಲಿ ಸೆಮಿಫೈನಲ್ ಇಲ್ಲ, ಫೈನಲ್ ಇಲ್ಲ. ಹೊಸ ವರ್ಷದ ಹೊತ್ತಿಗೆ ಬೇರೆಬೇರೆ ಊರುಗಳಲ್ಲಿ ಹಬ್ಬದಂತೆ ಒಂದೊಂದು ಆಟ ಆಡಿಸಿ, ಆಮೇಲೆ ಪತ್ರಕರ್ತರು ಒಂದು ಕಡೆ, ಕೋಚುಗಳು ಒಂದು ಕಡೆ ಕೂತು ಓಟು ಹಾಕುತ್ತಾರೆ. ಇವರು ಒಬ್ಬರ ಹೆಸರು, ಅವರು ಇನ್ನೊಬ್ಬರ ಹೆಸರು ಹೇಳಿದರೆ ದೇಶಕ್ಕೆ ಇಬ್ಬರು ಚಾಂಪಿಯನ್ನರು! ಹಿಂದಿನ ಕಾಲದಲ್ಲಿ ಪಂಡಿತರು ವಾದಕ್ಕೆ ಕೂತಾಗ ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರದು ಮೊದಲು ಬಾಡಿತೋ ಅವರು ಸೋತರೆಂದು ತೀರ್ಮಾನಿಸುತ್ತಿದ್ದರಂತೆ. ಚಿಕ್ಕಂದಿನಲ್ಲಿ ಆ ಕತೆ ಕೇಳಿ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಹೂವಾದರೂ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡು ಬಾಡುತ್ತಿತ್ತು.

ಆ ವರ್ಷ ವಾಲ್ಟರ್ ಮೆಚ್ಚಿದ, ಕೆರೊಲೈನಾದ ಒಂದು ಕಾಲೇಜಿನ ತಂಡ (ಹೆಸರು ಬೇಡ, ಹಳೆಯ ಗಾಯ) ಆಡಿದ ಆಟವನ್ನೆಲ್ಲ ಗೆದ್ದಿತು. ಒಂದನ್ನೂ ಸೋಲಲಿಲ್ಲ. ಓಟಾಯಿತು. ಚಾಂಪಿಯನ್ ಬೇರೆ ಯಾರೋ. ನಿಮ್ಮ ಎದುರಾಳಿಗಳು ದುರ್ಬಲರಾಗಿದ್ದರು ಎಂದರಂತೆ. ಮರುದಿನ ಬೆಳಿಗ್ಗೆ ನಾನು ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ವಾಲ್ಟರ್ ಬೇಲಿಯ ಆಚೆ ಬಂದು ನಿಂತರು.

"ರಾವ್, ನಿನ್ನ ಹತ್ತಿರ ಕಂಪ್ಯೂಟರ್ ಇದೆಯಲ್ಲ? ಕಾಂಗ್ರೆಸ್ಸಿಗೆ ಒಂದು ಕಾಗದ ಟೈಪ್ ಮಾಡಬೇಕು."

ಕಾಂಗ್ರೆಸ್ಸೆಂದರೆ ಇಲ್ಲಿನ ಪಾರ್ಲಿಮೆಂಟು. ನನಗೆ ಖುಷಿಯಾಯಿತು. ಕಡೆಗೂ ಒಬ್ಬ ಅಮೆರಿಕದವನು ಸರ್ಕಾರವನ್ನು ಕರೆಯುತ್ತಿದ್ದಾನೆ! ಭಾನುವಾರ ಅವರು ಹೇಳಿದರು, ನಾನು ಟೈಪ್ ಮಾಡಿದೆ. ಆಗ ನನ್ನ ಗ್ರೀನ್ ಕಾರ್ಡೇ ಇನ್ನೂ ಬಂದಿರಲಿಲ್ಲ, ಪೌರತ್ವವಂತೂ ದೂರದ ಮಾತು. ಓಟಿಲ್ಲದ ನಾನು, ಓಟಿನಿಂದಾದ ಅನ್ಯಾಯದ ಮೇಲೆ, ಓಟಿನಿಂದ ಗೆದ್ದವರಿಗೆ ಅರ್ಜಿ ಹೊಡೆಯುತ್ತಿದ್ದೆ. ಕಾಗದ ಮುಗಿದ ಮೇಲೆ ಕೇಳಿದೆ, "ಅಲ್ಲ, ಮಿಸ್ಟರ್ ವಾಲ್ಟರ್, ಇದು ನಿಮ್ಮ ಕಾಲೇಜೇ ಅಲ್ಲವಲ್ಲ?"

"ಹೇಗೆ ಆಗುತ್ತೆ? ನನ್ನ ಕಾಲಕ್ಕೆ ಅಲ್ಲಿ ನಮ್ಮವರನ್ನು ಸೇರಿಸುತ್ತಿರಲಿಲ್ಲ," ಎಂದರು. ಅವರು ಓದಿದ್ದು ಅದೇ ರಾಜ್ಯದ, ಕಪ್ಪು ಜನರಿಗೆಂದೇ ಇದ್ದ ಸಣ್ಣ ಕಾಲೇಜಿನಲ್ಲಿ. ಅಲ್ಲಿ ಫುಟ್‌ಬಾಲ್ ಆಡಿದ್ದರು. "ನಾವೂ ಒಂದು ವರ್ಷ ಎಲ್ಲವನ್ನೂ ಗೆದ್ದಿದ್ದೆವು. ಓಟು ಹಾಕುವ ಪತ್ರಕರ್ತರಲ್ಲಿ ಒಬ್ಬನೂ ನಮ್ಮ ಮೈದಾನ ನೋಡಿರಲಿಲ್ಲ. ನಾವು ದೇಶಕ್ಕೆ ಎಷ್ಟನೆಯವರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಇದನ್ನ ಬರೆಯೋಣ! ಇದೇ ಮುಖ್ಯ," ಎಂದೆ. ಬೆರಳು ಆಗಲೇ ಕೀಲಿಯ ಮೇಲಿತ್ತು.

"ಬೇಡ. ಬರೆದರೆ ಅಯ್ಯೋ ಪಾಪ ಅಂದುಬಿಡುತ್ತಾರೆ. ನನಗೆ ಪಾಪ ಬೇಕಿಲ್ಲ. ಈ ಹುಡುಗರ ವಿಷಯಕ್ಕಾದರೂ ಸರಿಯಾಗಿ ನೋಡಲಿ."

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಇಂಥ ದಿನ ಇದೇ ವಿಷಯದ ಮೇಲೆ ವಿಚಾರಣೆ ಇದೆ, ಸಾರ್ವಜನಿಕರು ಬಂದು ಕೂರಬಹುದು ಎಂದಿತ್ತು. ಅಷ್ಟರಲ್ಲಿ ವಾಲ್ಟರ್ ಅವರ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ವಿಚಾರಣೆಯ ದಿನ ಬಿಡುವಿನ ದಿನವಾಗಿದ್ದರಿಂದ ಹೊರಟೇಬಿಟ್ಟರು, ಸೂಟು, ಹ್ಯಾಟು, ಊರುಗೋಲಿನ ಸಮೇತ. ನಾನು ಆಫೀಸಿಗೆ ಹೊಟ್ಟೆನೋವೆಂದು ಫೋನ್ ಮಾಡಿದೆ. ನಿಲ್ದಾಣದಲ್ಲಿ ಕಾರು ನಿಲ್ಲಿಸಿ ವಾಷಿಂಗ್ಟನ್ನಿಗೆ ಮೆಟ್ರೋ ಹಿಡಿದೆವು. ಕಾಂಗ್ರೆಸ್ ಕಟ್ಟಡದ ಆ ಬಿಳಿಯ ಗುಮ್ಮಟ ಕಂಡಾಗ ನನಗೆ ವಿಧಾನಸೌಧದ ಮೆಟ್ಟಿಲು ಹತ್ತುವಾಗಿನ ಭಯಭಕ್ತಿಯೇ ಬಂತು.

ಅದು ಒಳಗೆ ಹೋದ ಹತ್ತು ನಿಮಿಷಕ್ಕೆ ಇಳಿಯಿತು. ಮರದ ಹಲಗೆ ಹೊದಿಸಿದ ಕೋಣೆ. ಎತ್ತರದ ಸಾಲಿನಲ್ಲಿ ಹೆಚ್ಚಿನವು ಖಾಲಿ ಕುರ್ಚಿಗಳು. ಒಬ್ಬ ಸದಸ್ಯ ಬಂದು ತನ್ನ ರಾಜ್ಯದ ತಂಡಕ್ಕೆ ಯಾಕೆ ನಾಲ್ಕನೆಯ ಸ್ಥಾನ ಎಂದು ಕೇಳಿದ, ಎಲ್ಲರೂ ನಕ್ಕರು. ಇನ್ನೊಬ್ಬ, ಸಾಕ್ಷಿ ಹೇಳಲು ಬಂದಿದ್ದ ಕೋಚ್ ಒಬ್ಬರ ಕೈಕುಲುಕಿ ಫೋಟೋ ತೆಗೆಸಿಕೊಂಡ. ನಡುವೆ ಗಂಟೆ ಹೊಡೆಯಿತು, ಇನ್ಯಾವುದೋ ಮಸೂದೆಗೆ ಓಟು ಹಾಕಲು ಎಲ್ಲರೂ ಎದ್ದು ಹೋದರು. ತಿರುಗಿ ಬಂದದ್ದು ಇಬ್ಬರೇ. ಅವರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು, "ಆಟ ಆಡುವವರಿಗೆ ಬಿಟ್ಟದ್ದು. ಸರ್ಕಾರ ಇದರಿಂದ ದೂರ ಇರುವುದೇ ಒಳ್ಳೆಯದು," ಎಂದರು.

ವಾಲ್ಟರ್ ನನ್ನ ಕಡೆ ಬಾಗಿದರು. "ನಮ್ಮ ಊರಿನಲ್ಲಿ ಸರ್ಕಾರ ಬಹಳ ವರ್ಷ ದೂರವೇ ಇತ್ತು, ರಾವ್. ದೂರ ಇದ್ದರೆ ಹೇಗಿರುತ್ತೆ ಅಂತ ನಾನು ನೋಡಿದ್ದೇನೆ."

ಇದನ್ನು ಅವರು ಮೈಕಿನಲ್ಲಿ ಹೇಳಬೇಕಿತ್ತು. ಆದರೆ ನಮಗೆ ಮೈಕು ಯಾರು ಕೊಡುತ್ತಾರೆ? ವಿಚಾರಣೆ ಮುಗಿಯಿತು, ಏನೂ ಆಗಲಿಲ್ಲ. ಬಾಗಿಲ ಬಳಿ ವಾಲ್ಟರ್ ಒಬ್ಬ ಸಿಬ್ಬಂದಿ ಹುಡುಗಿಗೆ ತಮ್ಮ ಕಾಗದದ ನಕಲು ಕೊಟ್ಟರು. "ದಾಖಲೆಗೆ ಸೇರಿಸುತ್ತೇವೆ, ಸರ್," ಎಂದಳು ಬಹಳ ನಯವಾಗಿ. ಈ ಮಾತನ್ನು ನಾನು ಮೈಸೂರಿನ ಕಚೇರಿಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ವಾಪಸು ಬರುವಾಗ ವಾಲ್ಟರ್ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ನಿದ್ದೆ ಹೋದರು. ಬೇಸಿಗೆಯಲ್ಲಿ ಮಗಳು ಬಂದು ಅವರನ್ನು ಅಟ್ಲಾಂಟಾಕ್ಕೆ ಕರೆದುಕೊಂಡು ಹೋದಳು. ಪಕ್ಕದ ಮನೆಗೆ ಹುಲ್ಲಿಗೆ ದಿನಕ್ಕೆರಡು ಸಲ ನೀರು ಬಿಡುವ ದಂಪತಿ ಬಂದರು. ನನ್ನ ಶನಿವಾರಗಳು ಖಾಲಿಯಾದವು.

ನನ್ನ ಸಂಕಟವನ್ನು ನಾನು ಒಬ್ಬನೇ ಅನುಭವಿಸುವವನಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತವರಿಗೂ ಬಿಡಲಿಲ್ಲ. "ಆಟ ನೋಡದವರು ಓಟು ಹಾಕ್ತಾರಲ್ಲಾರೀ, ಇದನ್ನ ಕೇಳೋರಿಲ್ವಾ?" ವಸುಧಾ ಹೇಳಿದಳು, "ನಿಮಗೆ ಬ್ಯಾಟ್ ಹಿಡಿಯೋಕೆ ಬರಲ್ಲ, ಬಾಲ್ ಹಿಡಿಯೋಕೆ ಬರಲ್ಲ. ನ್ಯಾಯ ಮಾತ್ರ ಬೇಕು."

ನವೆಂಬರ್ ಬಂತು, ರಾಜ್ಯೋತ್ಸವ. ನಮ್ಮ ಕನ್ನಡ ಕೂಟದ ಮಕ್ಕಳ ಭಾವಗೀತೆ ಸ್ಪರ್ಧೆ ಒಂದು ಸ್ಕೂಲಿನ ಸಭಾಂಗಣದಲ್ಲಿ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಸಂಗೀತದ ಜ್ಞಾನ ಇದೆಯೆಂದಲ್ಲ, ಕರಪತ್ರ ಟೈಪ್ ಮಾಡಿದವನೆಂದು. 'ತೀರ್ಪುಗಾರರ ತೀರ್ಮಾನವೇ ಅಂತಿಮ' ಎಂಬ ಸಾಲನ್ನೂ ನಾನೇ ಟೈಪ್ ಮಾಡಿದ್ದೆ. ನಡುವೆ ಕಾಫಿಗೆ ಎದ್ದು ಹೋದೆ. ಕಾರಿಡಾರಿನಲ್ಲಿ ಯಾರೋ ಹೊಸಬರು ಸಿಕ್ಕಿ, "ಈ ಫುಟ್‌ಬಾಲ್ ರ‍್ಯಾಂಕಿಂಗ್ ಏನ್ ಸಾರ್?" ಎಂದರು. ಕೇಳಬೇಕೆ! ಅನ್ಯಾಯದ ಪೂರ್ತಿ ಚರಿತ್ರೆ ಹೇಳಿ ಒಳಗೆ ಬರುವಷ್ಟರಲ್ಲಿ ಮೂರು ಮಕ್ಕಳು ಹಾಡಿ ಇಳಿದಿದ್ದರು. ಪಕ್ಕದವರನ್ನು ಕೇಳಲು ನಾಚಿಕೆಯಾಯಿತು. ಮೂವರಿಗೂ ಹತ್ತಕ್ಕೆ ಏಳು ಅಂಕ ಹಾಕಿದೆ. ಸ್ಪರ್ಧೆ ಮುಗಿಯಿತು, ಬಹುಮಾನ ಹಂಚಿದರು.

ಊಟದ ಹೊತ್ತಿಗೆ ಒಬ್ಬರು ನನ್ನ ಮುಂದೆ ನಿಂತರು. ಲವೀನಾ, ಮಂಗಳೂರಿನವರು, ನರ್ಸ್ ಕೆಲಸ. ಕೂಟಕ್ಕೆ ಹೊಸಬರು. ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳು ಶೆರಿಲ್, ಇಸ್ತ್ರಿ ಮಾಡಿದ ಲಂಗ, ಕೈಯಲ್ಲಿ ಎರಡನೆಯ ಬಹುಮಾನದ ಕಪ್.

"ಒಂದೇ ಒಂದು ಅಂಕದಲ್ಲಿ ಹೋಯಿತಂತೆ," ಎಂದರು ಲವೀನಾ. "ಅದಕ್ಕೆ ಬೇಸರ ಇಲ್ಲ ಮಾರಾಯ್ರೆ. ಆದರೆ ನೀವು ಇವಳ ಹಾಡು ಕೇಳಲೇ ಇಲ್ಲ ಅಲ್ವಾ? ನೀವು ಹೊರಗೆ ಮಾತಾಡ್ತಾ ಇದ್ದದ್ದು ನಾನು ನೋಡಿದ್ದೇನೆ."

ನನ್ನ ಬಾಯಲ್ಲಿ ಬಿಸಿಬೇಳೆಭಾತ್ ಇತ್ತು. 

"ಇದನ್ನ ಯಾರ ಹತ್ರ ಹೇಳುವುದು ನಾವು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಮಗಳು ಅವರ ಸೆರಗು ಎಳೆದು, "ಮಾಮ್, ಇಟ್ಸ್ ಫೈನ್, ಹೋಗೋಣ," ಎಂದಳು. ಹೋದರು.

ಆಗಲೇ ಎದ್ದು ಮೈಕಿನಲ್ಲಿ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಿಲ್ಲ. ಮೊದಲ ಬಹುಮಾನ ಗೆದ್ದ ಮಗುವಿನ ಕೈಯಿಂದ ಕಪ್ ಹೇಗೆ ಕಿತ್ತುಕೊಳ್ಳುವುದು ಎಂದು ನನಗೆ ನಾನೇ ಹೇಳಿಕೊಂಡೆ. ವಾಷಿಂಗ್ಟನ್ನಿನ ಆ ಸದಸ್ಯರೂ ಮನೆಗೆ ಹೋಗಿ ಹೀಗೇ ಏನಾದರೂ ಹೇಳಿಕೊಂಡಿರಬೇಕು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ವಸುಧಾಳ ತಂಗಿಯ ಮನೆಗೆಂದು ಕೆರೊಲೈನಾದ ಮಾರಿಸ್‌ವಿಲ್‌ಗೆ ಹೋದವರು, ಇನ್ನೂ ಆರೇಳು ಗಂಟೆ ಡ್ರೈವ್ ಮಾಡಿ ಅಟ್ಲಾಂಟಾ ತಲುಪಿದೆವು. ವಾಲ್ಟರ್ ಅರ್ಧಕ್ಕರ್ಧ ಇಳಿದುಹೋಗಿದ್ದರು. ತೋಳಿನ ಮೇಲೆ ಡಯಾಲಿಸಿಸ್ ಸೂಜಿಯ ಗಂಟುಗಳು. ವಸುಧಾ ಅವರ ಮಗಳೊಂದಿಗೆ ಅಡುಗೆಮನೆಗೆ ಹೋದಳು. ನಾನು ಸೋಫಾದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವರು ಟಿವಿಯ ದನಿ ಪೂರ್ತಿ ತಗ್ಗಿಸಿ ಕೇಳಿದರು.

"ಏಳೇ ಯಾಕೆ?"

"ಆರು ಕಮ್ಮಿ ಅನ್ನಿಸಿತು. ಎಂಟು ಜಾಸ್ತಿ ಅನ್ನಿಸಿತು."

ನಕ್ಕರು. ನಗು ಕೆಮ್ಮಾಯಿತು, ನೀರು ಕೊಟ್ಟೆ. ಕುಡಿದು ಲೋಟ ಹಿಂದಕ್ಕೆ ಕೊಟ್ಟರು. "ನಲವತ್ತು ವರ್ಷ ಯೋಚನೆ ಮಾಡಿದ್ದೇನೆ ರಾವ್, ಈ ಓಟು ಹಾಕುವವರು ಎಂಥ ಜನ ಇರಬಹುದು ಅಂತ. ಬಹಳ ಕೆಟ್ಟವರು ಅಂದುಕೊಂಡಿದ್ದೆ. ಪಕ್ಕದ ಮನೆಯವರು ಅಂತ ಗೊತ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಹಾಗೆಯೇ ಕೇಳಿದೆ, "ಈಗ ಏನು ಮಾಡಲಿ?"

"ಕಾಂಗ್ರೆಸ್ಸಿಗೆ ಬರಿ," ಎಂದರು ನಗದೆ. ಆಮೇಲೆ, "ಇಲ್ಲ, ಆ ಹುಡುಗಿಯ ಮನೆಗೆ ಹೋಗು," ಎಂದು ಟಿವಿಯ ದನಿ ಏರಿಸಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಫೆಬ್ರವರಿಯಲ್ಲಿ ಮಗಳ ಫೋನ್ ಬಂತು. ಅಷ್ಟರೊಳಗೆ ಆ ವರ್ಷದ ಚಾಂಪಿಯನ್ನನ್ನೂ ಓಟಿನಿಂದಲೇ ಆರಿಸಿ ಮುಗಿಸಿದ್ದರು.

ಸರ್ಕಾರ ಈ ಆಟದಲ್ಲಿ ಕೈಹಾಕಬೇಕೆ? ಬೇಕು ಎಂದೇ ಈಗಲೂ ಅನ್ನುತ್ತೇನೆ, ಆದರೆ ಮೊದಲಿನ ಗಂಟಲಿಲ್ಲ. ಸರ್ಕಾರವೆಂದು ಬಂದು ಕೂರುವವನೂ ನಡುವೆ ಕಾಫಿಗೆ ಎದ್ದು ಹೋಗುವ ನನ್ನಂಥವನೇ. ಅವನ ಮೇಲೆ ಕಣ್ಣಿಡಲು ಇನ್ನೊಬ್ಬ ಬೇಕು. ಅವನಿಗೂ ಕಾಫಿಯ ಚಟವಿದ್ದರೆ? 

ಲವೀನಾ ಅವರ ಮನೆಗೆ ಹೋದದ್ದು ಮಾರ್ಚಿನಲ್ಲಿ. ನಾಲ್ಕು ತಿಂಗಳು ಬೇಕಾಯಿತು ನನಗೆ, ಆ ಎಂಟು ಮೈಲಿಗೆ. ತಪ್ಪಾಯಿತು ಎಂದೆ. ಅವರು ಕೂರಿಸಿ ಚಹಾ ಕೊಟ್ಟರು. "ಹಾಡ್ತೀಯಾ ಪುಟ್ಟಿ?" ಎಂದು ಶೆರಿಲ್‌ಳನ್ನು ಕೇಳಿದೆ. ಭುಜ ಹಾರಿಸಿ, ಕಾರ್ಪೆಟ್ಟಿನ ಮೇಲೆ ನಿಂತು, ಅದೇ ಹಾಡು ಹಾಡಿದಳು. 'ಳ' ಎಲ್ಲ 'ಲ' ಆಗಿತ್ತು. ದನಿ ಮಾತ್ರ ನೇರವಾಗಿ ಬಂದು ಎದೆಯಲ್ಲಿ ಕೂತಿತು.

"ಸೋ ಅಂಕಲ್, ಎಷ್ಟು?" ಎಂದಳು.

"ಗೊತ್ತಿಲ್ಲಮ್ಮ. ಉಳಿದವರು ಹೇಗೆ ಹಾಡಿದ್ರು ಅಂತ ಈಗ ನೆನಪೇ ಇಲ್ಲ. ನೀನೇ ಫಸ್ಟಾ ಅಲ್ವಾ ಅಂತ ನಾನು ಇನ್ನು ಯಾವತ್ತೂ ಹೇಳೋಕಾಗಲ್ಲ."

 "ದಟ್ಸ್ ಸ್ಯಾಡ್," ಎಂದಳು, ನನಗಾಗಿಯೇ ಮರುಗಿದಂತೆ. "ಇನ್ನೊಂದು ಬರುತ್ತೆ. ಹಾಡ್ಲಾ?"

ಹಾಡಿದಳು. ನಡುವೆ ಒಂದು ಸಾಲು ಮರೆತು ನಿಂತಳು. ಅಡುಗೆಮನೆಯಿಂದ ಲವೀನಾ ಸಾಲು ಹೇಳಿಕೊಟ್ಟರು. ಅಂಕ ಕಳೆಯೋಣವೆಂದರೆ ನನ್ನ ಕೈಯಲ್ಲಿ ಪೆನ್ನಿರಲಿಲ್ಲ. ಸುಮ್ಮನೆ ಕೇಳುತ್ತ ಕೂತೆ.