ಅವ್ವನ ಅನುಮಾನ, ನನ್ನ ಎಡಗಾಲು

ನಮ್ಮ ಅವ್ವ ನನ್ನ ಎಡಗಾಲಿನ ಹೆಬ್ಬೆರಳಿಗೆ ಪಿನ್ನು ಚುಚ್ಚಿದಳು. ನನಗೆ ಗೊತ್ತೇ ಆಗಲಿಲ್ಲ.

ನಾನಾಗ ಬಾಗಲಕೋಟೆಯ ಒಂದು ಖಾಸಗಿ ದವಾಖಾನೆಯಲ್ಲಿ, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕಿಟಕಿಯ ಆಚೆ ನೋಡುತ್ತ ಮಲಗಿದ್ದೆ. ಅವ್ವ ಅದೇ ಪಿನ್ನನ್ನು ಬಲಗಾಲಿಗೆ ಚುಚ್ಚಿದಳು. "ಯವ್ವಾ!" ಎಂದು ಚೀರಿದೆ. ಅವಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಕಳ್ಳ ಸಿಕ್ಕಿಬಿದ್ದಿದ್ದ.

ಕಳ್ಳ ಯಾರು ಅಂದಿರಾ? ಈ ಅಂಕಣ ಬರೆಯುತ್ತಿರುವವನೇ.

ಇಷ್ಟು ತಿಂಗಳು ಈ ಜಾಗ ಖಾಲಿ ಇದ್ದದ್ದಕ್ಕೆ ಕೆಲವರು ಕಾರ್ಡು ಬರೆದು ಕಾರಣ ಕೇಳಿದ್ದೀರಿ. ಸಂಪಾದಕರ ಜೊತೆ ಜಗಳವಾಗಿರಬೇಕು ಎಂದು ಒಬ್ಬರು ಅನುಮಾನಪಟ್ಟಿದ್ದಾರೆ. (ಅನುಮಾನಪಡುವವರನ್ನು ಕಂಡರೆ ನನಗೆ ಈಗ ಬಹಳ ಗೌರವ.) ಜಗಳ ಆಗಿಲ್ಲ. ಆಡು ಅಡ್ಡ ಬಂತು, ಅಷ್ಟೇ.

ಅವತ್ತು ಶನಿವಾರ. ಹುನಗುಂದದಲ್ಲಿ ಬೆಳಗಿನ ಶಾಲೆ ಮುಗಿಸಿ ಮೊಪೆಡ್ ಹತ್ತಿ ಇಳಕಲ್ಲಿನ ಮನೆಗೆ ಹೊರಟಿದ್ದೆ. ರಸ್ತೆ ದಾಟುತ್ತಿದ್ದ ಆಡಿನ ಹಿಂಡಿನಲ್ಲಿ ಕೊನೆಯ ಒಂದು ಆಡು ಮನಸ್ಸು ಬದಲಿಸಿ ಹಿಂದೆ ತಿರುಗಿತು. ನಾನೂ ಹ್ಯಾಂಡಲ್ ತಿರುಗಿಸಿದೆ. ಆಡಿಗೆ ಏನೂ ಆಗಲಿಲ್ಲ. ನನ್ನ ಎಡಗಾಲು ಮೊಣಕಾಲಿನ ಕೆಳಗೆ ಬೇರೆಯವರ ಕಾಲಿನ ಹಾಗೆ ಪಕ್ಕಕ್ಕೆ ಮಲಗಿತ್ತು.

ಯಾರೋ ಜೀಪಿನಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಒಯ್ದರು. ದಾರಿಯುದ್ದಕ್ಕೂ ರಸ್ತೆಯ ಒಂದೊಂದು ಗುಂಡಿಯನ್ನೂ ಎಣಿಸಿದೆ. ಎಕ್ಸ್-ರೇ ತೆಗೆದರು. ಎರಡೂ ಎಲುಬು ಮುರಿದಿದ್ದವು. ಅರಿವಳಿಕೆ ಕೊಟ್ಟು, ಎಲುಬು ಎಳೆದು ಕೂಡಿಸಿ, ಪ್ಲಾಸ್ಟರ್ ಹಾಕಿದರು. ಸುದ್ದಿ ತಿಳಿದು ಸಂಜೆಯ ಬಸ್ಸಿಗೆ ಅವ್ವ ಬಂದಿಳಿದಳು.

ಅವ್ವನನ್ನು ನಿಮಗೆ ಪರಿಚಯ ಮಾಡಿಸಲೇಬೇಕು. ನಮ್ಮದು ನೇಕಾರರ ಮನೆ. ಅಪ್ಪ ಮಗ್ಗದಲ್ಲಿ ಕೂತರೆ, ನೂಲಿನ ವ್ಯವಹಾರವೆಲ್ಲ ಅವ್ವನದು. ರೇಷ್ಮೆ ತಂದವನು ಎಷ್ಟೇ ಆಣೆ ಹಾಕಲಿ, ಅವಳು ಎಳೆಯನ್ನು ಬೆರಳಲ್ಲಿ ಹೊಸೆದು, ಜಗ್ಗಿ, ನಾಲಿಗೆಗೆ ತಾಗಿಸಿ ನೋಡದೆ ಒಳಗೆ ಇಡುವವಳಲ್ಲ. ಹಾಲಿನವನ ಮೇಲೆ ಅನುಮಾನ. ಬಸ್ ಕಂಡಕ್ಟರನ ಮೇಲೆ ಅನುಮಾನ. ರೇಡಿಯೋದಲ್ಲಿ ಮಳೆ ಬರುತ್ತದೆ ಎಂದರೆ ಅಂಗಳಕ್ಕೆ ಬಂದು ಆಕಾಶ ನೋಡುತ್ತಾಳೆ.

ಇಂಥವಳು ದವಾಖಾನೆಗೆ ಬಂದರೆ ಏನಾಗಬೇಕು?

"ಈ ಫೋಟೋದಾಗಿನ ಎಲುಬು ನಿಂದ ಅಂತ ಹೆಂಗ ಗೊತ್ತು? ಎಲುಬಿನ ಮ್ಯಾಲ ಹೆಸರ ಬರದಿರ್ತೈತೇನು?" ಎಂದು ಎಕ್ಸ್-ರೇ ಹಿಡಿದು ಕೇಳಿದಳು. ಸಲೈನ್ ಬಾಟಲಿ ನೋಡಿ, "ಇದು ಬರೇ ನೀರ ಇದ್ದಂಗ ಕಾಣ್ತೈತಲ್ಲ" ಎಂದಳು. ಗುಳಿಗೆ ಮುರಿದು ಮೂಸಿದಳು. ಕಂಪೌಂಡರ್ ಕೈಮುಗಿದ: "ಅವ್ವಾರ, ನಾಳೆಯಿಂದ ಆಪರೇಷನ್ನೂ ನೀವ ಮಾಡ್ರಿ."

ವಾರ್ಡಿನ ತುಂಬ ನಗು. ನನಗೆ ಪ್ಲಾಸ್ಟರ್ ಒಳಗೇ ಹೂತುಹೋಗುವಷ್ಟು ನಾಚಿಕೆ. ಹೇಳಿ ಕೇಳಿ ಹೈಸ್ಕೂಲ್ ಮಾಸ್ತರ. ಪೇಪರಿನಲ್ಲಿ ಬರೆಯುವವನು. ನನ್ನ ತಾಯಿ ಹೀಗೆ ಎಲ್ಲರ ಎದುರು ಗುಳಿಗೆ ಮೂಸುವುದೇ? (ನ್ಯಾಯವಾಗಿ ಹೇಳುತ್ತೇನೆ: ಅವಳ ಆ ಅನುಮಾನಗಳೆಲ್ಲ ಸುಳ್ಳೇ ಆಗಿದ್ದವು. ಎಲುಬು ನನ್ನದೇ. ಗುಳಿಗೆಯೂ ಸರಿಯಾದದ್ದೇ.)

ಆ ರಾತ್ರಿ ನೋವು ಏರುತ್ತ ಹೋಯಿತು. ಪ್ಲಾಸ್ಟರ್ ಒಳಗೆ ಕಾಲು ಬೆಳೆಯುತ್ತಿದೆ, ಪ್ಲಾಸ್ಟರ್ ಮಾತ್ರ ಬೆಳೆಯುತ್ತಿಲ್ಲ ಎನ್ನಿಸುವಂಥ ನೋವು. ಎಲುಬು ಮುರಿದಾಗಲೂ ಅಷ್ಟು ನೋಯಲಿಲ್ಲ. ಹಲ್ಲು ಕಚ್ಚಿ ಹೊದಿಕೆ ಎಳೆದುಕೊಂಡೆ.

ಭಾನುವಾರ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದರು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಮೃದು ಮಾತು, ಇಸ್ತ್ರಿ ಮಾಡಿದ ಅಂಗಿ.

"ಹೆಂಗ ಅದೀರಿ ಮಾಸ್ತರ್ರ?"

"ಆರಾಮ ಅದೀನ್ರಿ ಸರ್."

"ನೋವು?"

"ಅಷ್ಟೇನಿಲ್ರಿ."

ಅವ್ವ ನಡುವೆ ಬಾಯಿ ಹಾಕಿದಳು. "ರಾತ್ರೆಲ್ಲಾ ನರಳ್ಯಾನ್ರೀ ಸಾಹೇಬ್ರ. ಇವನ ಮಾತ ಕೇಳಬ್ಯಾಡ್ರಿ."

"ಅವ್ವಾ, ಸುಮ್ನಿರು!" ಎಂದು ಗದರಿಸಿ, ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: "ಮೈ ಮದರ್ ಈಸ್ ಎ ಲಿಟಲ್ ನರ್ವಸ್, ಡಾಕ್ಟರ್." ಡಾಕ್ಟರು ನಕ್ಕರು. ನಾನೂ ನಕ್ಕೆ. ಕಲಿತವರು ಇಬ್ಬರೂ ಪರಸ್ಪರ ಅರ್ಥ ಮಾಡಿಕೊಂಡೆವು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ನಗು ಅವಳಿಗೆ ಅರ್ಥವಾಯಿತು.

ಮಧ್ಯಾಹ್ನದ ಹೊತ್ತಿಗೆ ನೋವು ತಾನಾಗಿ ಇಳಿಯಿತು. ನನಗೆ ಖುಷಿ. "ನೋಡು, ಸುಮ್ನ ಗದ್ದಲ ಮಾಡ್ತಿದ್ದಿ. ನೋವ ಹೋತು" ಎಂದೆ.

ಬೇರೆ ಯಾವ ತಾಯಿಯಾದರೂ ದೇವರಿಗೆ ಕೈ ಮುಗಿಯುತ್ತಿದ್ದಳು. ನಮ್ಮವ್ವ ಹುಬ್ಬು ಗಂಟಿಕ್ಕಿದಳು.

"ಹೋತು ಅಂದ್ರ? ಎಲ್ಲಿ ಹೋತು?"

"ಕಡಿಮಿ ಆತು."

"ಮುಂಜಾನಿ ಜೀವಾ ಹೋಗೂವಂಗ ಇದ್ದದ್ದು, ಒಂದ ತಾಸಿನ್ಯಾಗ ಹೆಂಗ ಕಡಿಮಿ ಆಗ್ತೈತಿ?" ಪ್ಲಾಸ್ಟರಿನ ತುದಿಯಿಂದ ಹೊರಗೆ ಇಣುಕಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಬಲಗಾಲಿನವನ್ನು ಮುಟ್ಟಿದಳು. ಮತ್ತೆ ಎಡಗಾಲು. "ಇವು ತಣ್ಣಗ ಅದಾವ. ಬಣ್ಣಾನೂ ಬ್ಯಾರೆ ಐತಿ. ನಾ ಮುಟ್ಟಿದ್ದು ತಿಳೀತದನ?"

"ತಿಳೀತದವ್ವಾ."

ತಿಳಿಯುತ್ತಿರಲಿಲ್ಲ. ಹಾಗಾದರೆ ಯಾಕೆ ಹಾಗೆ ಹೇಳಿದೆ? ಮತ್ತೆ ಕಂಪೌಂಡರನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ, ಮತ್ತೆ ಎಲ್ಲರೂ ನಗುತ್ತಾರೆ, ಅದೊಂದು ತಪ್ಪಿದರೆ ಸಾಕು ಎನ್ನಿಸಿತ್ತು. ಜೊತೆಗೆ ಒಳಗೆಲ್ಲೋ ಭಯವೂ ಇತ್ತು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದಲ್ಲ?

ಅವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದಳು. ಮುಂದಿನದು ನಿಮಗೆ ಗೊತ್ತು.

ಕಂಪೌಂಡರ್ ಹೇಳಿದ: "ಪ್ಲಾಸ್ಟರ್ ಹಾಕಿದ ಮ್ಯಾಲ ಹಂಗ ಜೋಮು ಹಿಡೀತೈತ್ರಿ. ಸಂಜೀಕ ಸಾಹೇಬ್ರು ಬರ್ತಾರ, ತೋರಿಸೂಣು." ಅವ್ವ ಅವನ ಜೊತೆ ಜಗಳಾಡಲಿಲ್ಲ. ಡಾಕ್ಟರ ಮನೆ ಎಲ್ಲಿ ಎಂದು ಮಾತ್ರ ಕೇಳಿದಳು. ಸೆರಗು ಬಿಗಿದು ಹೊರಟೇಬಿಟ್ಟಳು.

ಅಲ್ಲಿ ನಡೆದದ್ದನ್ನು ಆಮೇಲೆ ಡಾಕ್ಟರೇ ನನಗೆ ಹೇಳಿದರು. ಅವರು ಊಟಕ್ಕೆ ಕೂತಿದ್ದರಂತೆ. ಬಾಗಿಲಲ್ಲಿ ಅವ್ವನನ್ನು ಕಂಡು, ಇನ್ನೊಂದು ದೂರು ಬಂತು ಎಂದುಕೊಂಡರಂತೆ. ಪ್ಲಾಸ್ಟರ್ ಬಿಗಿಯಾಗಿದೆ ಎಂದಿದ್ದರೆ, ನರ್ಸು ಬೈದಳು ಎಂದಿದ್ದರೆ, ಸಂಜೆ ನೋಡೋಣ ಎಂದು ಕಳಿಸುತ್ತಿದ್ದರಂತೆ. ಅವ್ವ ಹೇಳಿದ್ದೇ ಬೇರೆ.

"ಸಾಹೇಬ್ರ, ನನ್ನ ಮಗ ನಿಮ್ಮ ಮುಂದ ಸುಳ್ಳ ಹೇಳ್ಯಾನ್ರಿ. ಅವಂಗ ಕಾಲಾಗ ಜೀವಾನ ಇಲ್ರಿ. ಪಿನ್ನ ಚುಚ್ಚಿದೆ, ತಿಳೀಲಿಲ್ರಿ."

ಸ್ವಂತ ಮಗನ ಮೇಲೆ ದೂರು ಹೇಳಲು ಬಿಸಿಲಲ್ಲಿ ನಡೆದು ಬಂದ ತಾಯಿಯನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ. ಅನ್ನದ ಕೈಯಲ್ಲೇ ಎದ್ದು ಬಂದರು. ದವಾಖಾನೆಯ ನಲ್ಲಿಯಲ್ಲಿ ಕೈ ತೊಳೆದರು. ನನ್ನ ಹೆಬ್ಬೆರಳು ಹಿಡಿದು ಮೇಲೆ ಬಾಗಿಸಿದರು. ಮೀನಖಂಡ ಹರಿದುಹೋದಂತೆ ಕೂಗಿದೆ. ಅವರ ಮುಖದಲ್ಲಿದ್ದ ಮೃದುತನ ಮಾಯವಾಯಿತು.

"ಆರಾಮ ಅಂದ್ರಲ್ರೀ ಮಾಸ್ತರ್ರ!"

ಪ್ಲಾಸ್ಟರ್ ಸೀಳಿದರು. ಅಷ್ಟು ಸಾಲಲಿಲ್ಲ. ಒಳಗೆ ಸ್ನಾಯುಗಳು ಬಾತುಕೊಂಡು, ಜಾಗವಿಲ್ಲದೆ, ತಮ್ಮ ರಕ್ತವನ್ನು ತಾವೇ ಅದುಮಿಕೊಂಡಿದ್ದವಂತೆ. ಕೂಡಲೇ ಆಪರೇಷನ್. ಕಾಲಿನ ಎರಡೂ ಬದಿಗೆ ಉದ್ದಕ್ಕೆ ಕೊಯ್ದು ಒತ್ತಡ ಇಳಿಸಿದರು. ಸಂಜೆಯವರೆಗೆ ಕಾದಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತಿತ್ತು ಎಂದು ಮರುದಿನ ಹೇಳಿದರು. ಅವ್ವ ಕೇಳಿಸಿಕೊಂಡಳು. "ನಾ ಹೇಳಿದ್ದಿಲ್ಲ?" ಎನ್ನಲಿಲ್ಲ. ಹೊರಗೆ ವರಾಂಡಕ್ಕೆ ಹೋಗಿ ಕೂತಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಮುಂದಿನ ತಿಂಗಳುಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಕೊಯ್ದ ಗಾಯವನ್ನು ಹೊಲಿಯದೆ ಹಾಗೇ ಬಿಟ್ಟು ದಿನಾ ಡ್ರೆಸ್ಸಿಂಗ್. ಆಮೇಲೆ ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿದರು. ಮತ್ತೆ ಪ್ಲಾಸ್ಟರ್. ಕೊನೆಗೆ ಅದನ್ನು ಬಿಚ್ಚಿದಾಗ ಹೊರಬಂದದ್ದು ಒಣಗಿದ ನುಗ್ಗೆಕಾಯಿಯಂಥ ಒಂದು ಕಾಲು. ಮೊಣಕಾಲು ಬಾಗದು, ಪಾದ ಏಳದು. ದಿನಕ್ಕೆ ನಾಲ್ಕು ಸಲ ವ್ಯಾಯಾಮ ಮಾಡಬೇಕೆಂದು ಹೇಳಿ ಮನೆಗೆ ಕಳಿಸಿದರು.

ಮನೆಯಲ್ಲಿ ಅವ್ವ.

"ಮಾಡಿದ್ಯಾ?"

"ಮಾಡಿದೆ."

ಹಣೆ ಮುಟ್ಟಿ ನೋಡುತ್ತಿದ್ದಳು. "ಬೆವರೆಲ್ಲೈತಿ?"

ಬೆವರು ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ಅಪ್ಪ ನನ್ನನ್ನು ಮೂಲೆಯ ಹಳೆಯ ಮಗ್ಗದ, ನೇಕಾರ ಕಾಲು ಇಳಿಬಿಡುವ ಕುಣಿಯಲ್ಲಿ ಇಳಿಸಿ ಕೂರಿಸಿದ. ಎರಡೂ ಪಾದಗಳನ್ನು ತುಳಿಯುವ ಹಲಗೆಯ ಮೇಲೆ ಇಟ್ಟ. "ತುಳಿ" ಎಂದ. ಆ ಕುಣಿಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಬಿ.ಎಡ್. ಮಾಡಿದ್ದು. ಎಡಗಾಲು ಒತ್ತಿದರೆ ಹಲಗೆ ಅಲುಗುತ್ತಿರಲಿಲ್ಲ. ಒಂದು ವಾರ ಅಲುಗಲಿಲ್ಲ. ಎರಡನೆಯ ವಾರ ಒಮ್ಮೆ ಕಿರ್ ಎಂದಿತು. ಪಕ್ಕದ ಮಗ್ಗದ ಸದ್ದು ತಟ್ಟನೆ ನಿಂತಿತು. ಅಪ್ಪ ಈ ಕಡೆ ನೋಡಲಿಲ್ಲ, ಕೇಳಿಸಿಕೊಳ್ಳುತ್ತಿದ್ದ.

ಈಗ ನಡೆಯುತ್ತೇನೆ. ಕೋಲು ಬಿಟ್ಟಿದ್ದೇನೆ. ಹೆಬ್ಬೆರಳು ಮಾತ್ರ ಮೇಲೆ ಏಳುವುದಿಲ್ಲ, ಇನ್ನು ಏಳುವುದೂ ಇಲ್ಲವಂತೆ. ಚಪ್ಪಲಿ ಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಎಡಗಾಲಿನದು ಹಿಂದೆ ಉಳಿದಿರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಕೊಂಡಿದ್ದೇನೆ. ಒಂದು ಸುಳ್ಳಿಗೆ ಒಂದು ಹೆಬ್ಬೆರಳು. ಅಗ್ಗವೇ ಅನ್ನಿ.

ಹೋದ ತಿಂಗಳು ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಕೋಣೆಯ ಬಾಗಿಲು ಮುಚ್ಚಿ ಹೇಳಿದರು: "ಮಾಸ್ತರ್ರ, ಅವತ್ತ ಮುಂಜಾನಿ ನಾನೂ ನಿಮ್ಮ ಬೆರಳ ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ. ನೀವು ಆರಾಮ ಅಂದ್ರಿ, ನನಗೂ ಅದ ಬೇಕಾಗಿತ್ತು."

ಪ್ರಾಮಾಣಿಕ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಬೆಳಗನ್ನು ಮರೆತಿಲ್ಲ. ಕೆಟ್ಟವರು ಯಾರೂ ಇರಲಿಲ್ಲ ಅಲ್ಲಿ. ಇಬ್ಬರು ಸಭ್ಯರು ಎದುರುಬದುರು ನಿಂತು, ನಗುನಗುತ್ತ, ಒಂದು ಕಾಲನ್ನು ಕಳೆಯುವುದರಲ್ಲಿದ್ದೆವು. ಅಸಭ್ಯಳಾಗಿದ್ದವಳು ಒಬ್ಬಳೇ.

ಮೊನ್ನೆ ಸೋಮವಾರ ಮತ್ತೆ ಶಾಲೆಗೆ ಹೋದೆ. ಒಂಬತ್ತನೆಯ ತರಗತಿ. ಬೋರ್ಡಿನ ಮೇಲೆ ಒಂದು ಪ್ರಮೇಯ ಬಿಡಿಸಿ, ಚಾಕ್‌ಪೀಸು ಕೆಳಗಿಟ್ಟು, ಇಷ್ಟು ವರ್ಷ ಕೇಳಿದಂತೆಯೇ ಕೇಳಿದೆ: "ತಿಳೀತೇನ್ರೋ ಎಲ್ಲಾರಿಗೂ?"

"ತಿಳೀತ್ರೀ ಸರ್!" ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ಅಷ್ಟು ಮರ್ಯಾದೆಯಿಂದ ಕೂಗಿದ ಆ ಮಕ್ಕಳಲ್ಲಿ ನಿಜ ಹೇಳಿದವರು ಎಷ್ಟು ಜನ?