ಮನೆಯವರ ದಾರಿಗೆ ಲಾಗ್ ಇರಲಿಲ್ಲ

ಸರಕು ಕೈಯಲ್ಲಿ ಹಿಡಿದು ದರ ಹೇಳುವುದು ನನ್ನ ಕಸುಬು. ತಮ್ಮನ ಹೆಂಡತಿಯನ್ನು ನಾನು ಅಂದಾಜು ಮಾಡಿದ್ದು ಹೀಗೆ: ಹೊಳಪು ಕಡಿಮೆ, ಸದ್ದು ಇಲ್ಲವೇ ಇಲ್ಲ, ಬಾಳಿಕೆ ಚೆನ್ನಾಗಿದೆ. ಪೈಪು, ಪಂಪು ಮಾರುವ ನಮ್ಮ ಅಂಗಡಿಗಳು, ಗೋದಾಮು, ಅಣ್ಣತಮ್ಮಂದಿರ ಎರಡು ಮನೆ, ಎಲ್ಲದರ ಕಂಪ್ಯೂಟರುಗಳೂ ಅವಳ ಉಸ್ತುವಾರಿ. ದರಪಟ್ಟಿ ಇರುವುದು ಎಲ್ಲೋ ಬಾಡಿಗೆಗೆ ಹಿಡಿದ ಸರ್ವರಿನಲ್ಲಿ. ಅಲ್ಲಿಗೆ ಹೋಗುವ ದಾರಿಗಳಿಗೆ ಅವಳು ಫೈರ್‌ವಾಲ್ ಎಂಬ ಕಾವಲು ಕೂರಿಸಿದ್ದಾಳೆ. ದಾರಿಯೂ ಕಣ್ಣಿಗೆ ಕಾಣದು, ಕಾವಲೂ ಕಾಣದು. ಬಿಲ್ಲು ಮಾತ್ರ ಕಾಣುತ್ತದೆ.

"ಬಂದವರು ಹೋದವರನ್ನೆಲ್ಲ ಬರೆದಿಡಮ್ಮ" ಎಂದಿದ್ದೆ. ಆ ಬರಹಕ್ಕೆ ಅವಳ ಕಸುಬಿನಲ್ಲಿ ಲಾಗ್ ಎನ್ನುತ್ತಾರೆ.

"ಎಲ್ಲಾ ಬರೆದ್ರೆ ಡಿಸ್ಕು ತುಂಬಿಹೋಗತ್ತೆ ಭಾವ. ಆ ರಾಶೀಲಿ ಬೇಕಾದ್ದು ಸಿಗೋದೂ ಇಲ್ಲ. ತಡೆದಿದ್ದನ್ನೆಲ್ಲ ಬರೀತೀನಿ. ಒಳಗೆ ಬಿಟ್ಟವರಲ್ಲಿ ದರಪಟ್ಟಿ ತೆರೆಯೋರದ್ದು ಮಾತ್ರ."

ಒಪ್ಪಿದೆ. ನಾನೂ ವಾಷರ್ ಎಣಿಸುವುದಿಲ್ಲ, ಪಂಪು ಎಣಿಸುತ್ತೇನೆ.

ಈಚೆಗೆ ಒಂದು ದೊಡ್ಡ ಗುತ್ತಿಗೆಗೆ ನಾವು ಬರೆದ ದರ ಎದುರಂಗಡಿಯವನಿಗೆ ಮೊದಲೇ ತಿಳಿದುಹೋಗಿತ್ತು. ಲಾಗ್ ತೆಗೆಸಿ ನೋಡಿದೆ. ಆ ವಾರ ದರಪಟ್ಟಿ ತೆರೆದವರೆಂದು ಇದ್ದದ್ದು ಒಂದೇ ಹೆಸರು, ಗೋದಾಮಿನ ಗುಮಾಸ್ತರದು. ಗಿರಾಕಿಗಳು ನಿಂತಿರುವಾಗಲೇ, "ನಾಳೆಯಿಂದ ಬರಬೇಡಿ" ಎಂದೆ. ಅವರು ಬೀಗದ ಕೈ ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿ ಹೋದರು. ತಪ್ಪು ಮಾಡಿದವನಿಗೆ ಬಾಯಿ ಬರದು ಎಂದುಕೊಂಡೆ.

ಮರುದಿನ ತಮ್ಮನ ಹೆಂಡತಿ ಅಂಗಡಿಗೆ ಬಂದಳು. ಕತ್ತೆತ್ತಲಿಲ್ಲ, ಮುಖ ಚಿಕ್ಕದಾಗಿತ್ತು.

"ಭಾವ, ಆ ಲಾಗ್ ಅರ್ಧ ಮಾತ್ರ."

"ಅಂದ್ರೆ?"

"ನಮ್ಮ ಎರಡು ಮನೆ ದಾರಿಗೂ ಹಾಕಿರ್ಲಿಲ್ಲ. ನೀವು, ಅಕ್ಕ, ಇವರು ಮನೇಲಿ ಕೂತು ಏನು ತೆರೀತೀರಿ ಅಂತ ಮನೆ ಸೊಸೆ ಬರೆದಿಟ್ಕೊಳ್ಳೋದು ಕದ್ದು ನೋಡಿದ ಹಾಗನ್ನಿಸ್ತು. ಕೆಲಸದೋರಿಗೆ ಮಾತ್ರ ಹಾಕಿದೆ. ಅದಕ್ಕೇ ಅವರೊಬ್ರೇ ಕಂಡ್ರು."

"ಈಗ ತೆಗೆದು ನೋಡು."

"ಬರೆಯದೇ ಇದ್ದಿದ್ದನ್ನ ಎಲ್ಲಿಂದ ತೆಗೀಲಿ? ದರ ನಿಮ್ಮನೆಯಿಂದ ಹೋಗಿರಬಹುದು, ನಮ್ಮನೆಯಿಂದ ಹೋಗಿರಬಹುದು."

"ಮೆಲ್ಲಗೆ ಮಾತಾಡು, ಗಿರಾಕಿಗಳಿದ್ದಾರೆ."

"ಗುಮಾಸ್ತರನ್ನ ಕಳಿಸಿದ್ದೂ ಗಿರಾಕಿಗಳ ಮುಂದೇನೇ ಭಾವ."

ಬೀಗದ ಕೈ ತೆಗೆದುಕೊಂಡು ನೇರ ಗುಮಾಸ್ತರ ಮನೆಗೆ ಹೋದಳು. ಅವರ ಹೆಂಡತಿ ಒಳಗೆ ಬನ್ನಿ ಎನ್ನಲಿಲ್ಲ. ಇವಳು ಹೊಸ್ತಿಲಾಚೆ ನಿಂತೇ ಎಲ್ಲ ಹೇಳಿದಳು.

"ಮನೆಯೋರ ಮರ್ಯಾದೆ ಕಾದ್ರಿ. ನನ್ನದೂ ಒಂದಿದೆ ಅಂತ ತೋಚಲಿಲ್ಲ, ಅಷ್ಟೇ ತಾನೆ?" ಎಂದರಂತೆ ಗುಮಾಸ್ತರು.

ಇವಳು ಬೀಗದ ಕೈ ಹೊಸ್ತಿಲ ಮೇಲಿಟ್ಟು ಹಿಂತಿರುಗಿದಳು. ಮನೆಗೆ ಬಂದು ನನ್ನ ಹೆಂಡತಿಯ ಮುಂದೆ ಆ ಮಾತನ್ನು ಹೇಳಿ ಅತ್ತಳು. "ಹೋಗಲಿ ಬಿಡೇ" ಎಂದರೆ, "ಹೇಗೆ ಬಿಡಲಿ ಅಕ್ಕ, ಸರಿಯಾಗೇ ಹೇಳಿದ್ರಲ್ಲ" ಎಂದಳಂತೆ.

ಗುಮಾಸ್ತರು ಕೆಲಸಕ್ಕೆ ವಾಪಸ್ಸು ಬಂದಿದ್ದಾರೆ. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ಈಗ ಎರಡು ಮನೆಯ ದಾರಿಗೂ ಲಾಗ್ ಉಂಟು. ಇವಳು ಮೊದಲು ಹಾಕಿಕೊಂಡದ್ದು ತನ್ನ ಕಂಪ್ಯೂಟರಿಗೇ. ದರ ಕೊಟ್ಟವರು ಯಾರೋ ಇಂದಿಗೂ ಗೊತ್ತಿಲ್ಲ. ಊಟಕ್ಕೆ ಕೂತಾಗ ಯಾರಾದರೂ ದರದ ಮಾತೆತ್ತಿದರೆ ಎಲ್ಲರೂ ತಟ್ಟೆ ನೋಡುತ್ತೇವೆ.

ಆ ಹೊಸ್ತಿಲಲ್ಲಿ ನಿಂತು ತಪ್ಪಾಯಿತು ಎನ್ನಬೇಕಾಗಿದ್ದವನು ಅವರನ್ನು ಕಳಿಸಿದ ನಾನು. ನಿಂತವಳು ಇವಳು. ಅಷ್ಟು ನಾನು ಇವಳಿಗೆ ಬಾಕಿ ಇದ್ದೇನೆ.