ಮೇಷ್ಟ್ರ ಕಣ್ಣು

ದೆವ್ವ, ಭೂತ, ಮೈಮೇಲೆ ಬರುವುದು ಇಂಥವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ನನ್ನ ಕಸುಬೇ ಅಂಥದ್ದು. ಫೋಟೋದವನಿಗೆ ಬೆಳಕು ಬಿದ್ದದ್ದು ಉಂಟು, ಬೀಳದ್ದು ಇಲ್ಲ, ಅಷ್ಟೇ ಲೆಕ್ಕ. ಯಾರಾದರೂ ಇಂಥ ಕಥೆ ತೆಗೆದರೆ, ಆ ದೆವ್ವವನ್ನು ನನ್ನ ಸ್ಟುಡಿಯೋಗೆ ಕರೆದುಕೊಂಡು ಬನ್ನಿ, ಒಂದು ಪಾಸ್‌ಪೋರ್ಟ್ ಸೈಜ್ ತೆಗೆದುಕೊಡುತ್ತೇನೆ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹೇಳಹೊರಟಿರುವುದು ರಾತ್ರಿ ನಡೆದಿದ್ದರೆ ನಿದ್ದೆಗಣ್ಣು ಎಂದು ನಾನೇ ತಳ್ಳಿಹಾಕುತ್ತಿದ್ದೆ. ಆದರೆ ನಡೆದದ್ದು ಮಟಮಟ ಮಧ್ಯಾಹ್ನ, ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ, ಸುತ್ತಲೂ ಮಗ್ಗಗಳು ಗಡಗಡ ಅನ್ನುತ್ತಿರುವಾಗ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ. ನಂಬಿ ಎಂದು ಕೇಳುವ ಧೈರ್ಯ ನನಗೂ ಇಲ್ಲ.

ಆಗ ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು ಬಂದು ಊರಿನಲ್ಲಿ ಸ್ವಂತ ಬೋರ್ಡು ಹಾಕಿಕೊಂಡಿದ್ದೆ. ಅರಮನೆ ಮೆಟ್ಟಿಲಿನ ಚಿತ್ರ ಬರೆದ ಒಂದು ಪರದೆ, ಕಾಲು ಸ್ವಲ್ಪ ಅಲ್ಲಾಡುವ ಕುರ್ಚಿ, ಮೂರು ಕಾಲಿನ ಮೇಲೆ ನಿಂತ ದೊಡ್ಡ ಕ್ಯಾಮೆರಾ, ಹಿಂದೆ ಒಂದು ಡಾರ್ಕ್ ರೂಮು. ಹೊಟ್ಟೆಪಾಡಿಗೆ ಪರೀಕ್ಷೆಯ ಫೋಟೋ, ಮದುವೆ ಫೋಟೋ. ಮನಸ್ಸಿನಲ್ಲಿ ಇದ್ದದ್ದು ಬೇರೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರುಗಳು, ಬಣ್ಣ ಬರೆಯುವವರು, ತಮಟೆಯವರು ಇವರೆಲ್ಲರ ಚಿತ್ರ ತೆಗೆಯಬೇಕು, ಅವರ ಬಗ್ಗೆ ನಾಲ್ಕು ಸಾಲು ಬರೆದು ಪತ್ರಿಕೆಗೆ ಕೊಡಬೇಕು, ಮುಂದೆ ಎಂದಾದರೂ ಬೆಂಗಳೂರಿನಲ್ಲಿ ಪ್ರದರ್ಶನ ಇಡಬೇಕು. ಕಲೆಯ ಫೋಟೋ ತೆಗೆಯುವವನು ಅನ್ನಿಸಿಕೊಳ್ಳಬೇಕೆಂಬ ಹುಚ್ಚು. ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಸುತ್ತದ ಹಳ್ಳಿಯಿಲ್ಲ.

ಹಾಗೆ ತೆಗೆದ ಚಿತ್ರಗಳನ್ನೆಲ್ಲ ಒಂದು ಸಲ ಬೆಂಗಳೂರಿನ ವಾರಪತ್ರಿಕೆಯ ಸಂಪಾದಕರೊಬ್ಬರಿಗೆ ತೋರಿಸಿದೆ. ಒಳ್ಳೆಯ ಮನುಷ್ಯ. ಕಾಫಿ ತರಿಸಿಕೊಟ್ಟು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಬೆಳಕೆಲ್ಲಾ ಚೆನ್ನಾಗಿ ಬಂದಿದೆ ಕಣ್ರೀ. ಆದ್ರೆ ಇವರೆಲ್ಲಾ ಫೋಟೋಗೆ ಅಂತ ಕೂತಿದ್ದಾರೆ. ಒಬ್ರಿಗೂ ಜೀವ ಇಲ್ಲ" ಅಂದರು. "ಜೀವ ಇರೋದು ಒಂದು ತೆಗೆದುಕೊಂಡು ಬನ್ನಿ. ಮುಖಪುಟಕ್ಕೇ ಹಾಕ್ತೀನಿ."

ಬೈದಿದ್ದರೆ ಬೈಗುಳ ತಿಂದು ಬರಬಹುದಿತ್ತು. ಅವರು ಹೇಳಿದ್ದು ನಿಜವಾಗಿತ್ತು, ಅದೇ ಸಂಕಟ. ಬಸ್ಸು ಯಲಹಂಕ ದಾಟುವ ಹೊತ್ತಿಗೆ ಕಣ್ಣಲ್ಲಿ ನೀರು ಬಂತು, ಧೂಳು ಬಿದ್ದವನಂತೆ ಒರೆಸಿಕೊಂಡೆ.

ಜೀವ ಇರುವ ಚಿತ್ರವೆಂದರೆ ನನಗೆ ನೆನಪಾಗುತ್ತಿದ್ದುದು ಒಬ್ಬರೇ. ಮಾಕಳಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿದ್ದ ಡ್ರಾಮಾ ಮೇಷ್ಟ್ರು. ಹೊಲ ಗೇಯುವ ಹುಡುಗರನ್ನು ಹಿಡಿದು ಮೂರು ತಿಂಗಳಲ್ಲಿ ದುರ್ಯೋಧನನನ್ನೂ ಭೀಮನನ್ನೂ ಮಾಡಿ ನಿಲ್ಲಿಸುತ್ತಿದ್ದರು. ಹಾರ್ಮೋನಿಯಂ ಮುಂದೆ ಕೂತು ಕಣ್ಣು ಮುಚ್ಚಿದರೆಂದರೆ ಮುಚ್ಚಿದರು, ನಾಟಕ ಮುಗಿದು ಮಂಗಳ ಹಾಡಿದ ಮೇಲೇ ತೆರೆಯುವುದು. ಎಷ್ಟೋ ಸಲ ಫೋಟೋಗೆ ಕೇಳಿದ್ದೆ. "ಬೆಳಕಿನಲ್ಲಿ ಕುಣಿಯೋರು ಅಲ್ಲಿ ಅವ್ರೆ ನೋಡು, ಅವ್ರದ್ದು ತೆಗಿ. ಪೆಟ್ಟಿಗೆ ಹಿಂದೆ ಕೂತೋನ ಮುಖ ಯಾಕಪ್ಪಾ?" ಅನ್ನುತ್ತಿದ್ದರು. ಕೊನೆಗೆ ನನ್ನ ಕಾಟ ತಡೆಯಲಾರದೆ, "ಈ ಸಲದ ನಾಟಕ ಒಂದ್ ಆಗ್ಲಿ, ಕೂತ್ಕೊತೀನಿ" ಎಂದು ಮಾತು ಕೊಟ್ಟರು. ಆಮೇಲೆ ನನಗೆ ಮದುವೆಗಳ ಕೆಲಸ ಬಂತು, ಆ ಕಡೆ ಹೋಗಲಾಗಲಿಲ್ಲ. ಅವರಿಗೆ ಮೈ ಸರಿಯಿಲ್ಲವೆಂದೂ ನನಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಆ ಹಳ್ಳಿಯಿಂದ ಆಳು ಬಂತು. ಮೇಷ್ಟ್ರು ಹೋಗಿಬಿಟ್ಟರು, ಫೋಟೋ ತೆಗೆಯಬೇಕಂತೆ.

ಆ ಕಾಲದಲ್ಲಿ ಇದು ಎಲ್ಲೆಡೆ ಇದ್ದ ಪದ್ಧತಿ. ಬದುಕಿರುವಾಗ ಫೋಟೋಗೆ ಕೂರದವರು ಸತ್ತ ದಿನ ಕೂರಬೇಕಾಗುತ್ತಿತ್ತು. ಹೆಣವನ್ನು ಗೋಡೆಗೆ ಒರಗಿಸಿ, ಪೇಟ ಸುತ್ತಿ, ಶಲ್ಯ ಹೊದಿಸಿ ಕೂರಿಸುತ್ತಿದ್ದರು. ನಾವು ಅದನ್ನು ತೆಗೆದು, ಆಮೇಲೆ ನೆಗೆಟಿವ್ ಮೇಲೆ ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ, ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದೆವು. ಗೋಡೆಗೆ ಹಾಕುವ ಪಟದಲ್ಲಿ ಮನೆಯ ಹಿರಿಯರು ಕಣ್ಣು ಬಿಟ್ಟಿರಬೇಕು. ಬರೆದ ಕಣ್ಣು ಬರೆದ ಕಣ್ಣೇ. ಯಾರದ್ದಾದರೂ ಒಂದೇ ಥರ, ಗೊಂಬೆಯ ಕಣ್ಣು. ಆದರೂ ಜನ ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ಮೇಷ್ಟ್ರನ್ನು ನಡುಮನೆಯಲ್ಲಿ ಕೂರಿಸಿದ್ದರು. ಮುಂದೆ ಹಾರ್ಮೋನಿಯಂ. ಮುಖ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ, ಇನ್ನೇನು ಕಂದಪದ್ಯ ಎತ್ತುತ್ತಾರೆ ಅನ್ನಬೇಕು. ನಾನು ಅವರ ಹೆಂಡತಿ ಪುಟ್ಟಮ್ಮನವರಿಗೆ ಹೇಳಿದೆ, ಅಮ್ಮಾ, ಇವರು ಯಾವಾಗಲೂ ಕಣ್ಣು ಮುಚ್ಚಿಯೇ ನುಡಿಸುತ್ತಿದ್ದರು, ಹೀಗೇ ಬಿಟ್ಟರೆ ಅವರಂತೆಯೇ ಇರುತ್ತದೆ, ಕಣ್ಣು ಬರೆಯುವುದು ಬೇಡ.

ಆಕೆ ಅಳು ನಿಲ್ಲಿಸಿ ನನ್ನನ್ನು ನೋಡಿದರು. "ಕಣ್ ಮುಚ್ಚಿರೋದ ಊರೆಲ್ಲಾ ನೋಡೈತೆ ಕಣಪ್ಪಾ. ನಂಗೆ ಕಣ್ ಬಿಟ್ಟಿರೋದು ಬೇಕು."

ಬರೆಯುತ್ತೇನೆ ಎಂದು ಒಪ್ಪಿ, ಫೋಟೋ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಮೇಷ್ಟ್ರ ಕಣ್ಣು ನೆನಪು ಮಾಡಿಕೊಳ್ಳಲು ನೋಡಿದೆ. ದೊಡ್ಡದೋ ಸಣ್ಣದೋ, ಒಳಗೆ ಹೋಗಿತ್ತೋ, ರೆಪ್ಪೆ ದಪ್ಪವೋ, ಏನೂ ನೆನಪಾಗಲಿಲ್ಲ. ವರ್ಷಗಟ್ಟಲೆ ನಾನು ಆ ಮನುಷ್ಯನನ್ನು ನೋಡಿದ್ದೆ. ಜನರ ಮುಖ ನೋಡುವುದೇ ನನ್ನ ಕೆಲಸ ಎಂದುಕೊಂಡು ಓಡಾಡುತ್ತಿದ್ದೆ. ಸಂಪಾದಕರು ಹೇಳಿದ್ದು ಇದನ್ನೇ ಎಂದು ಆಗ ಅರ್ಥವಾಯಿತು. ಸೈಕಲ್ ಇಳಿದು ಹುಣಸೇಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಈ ಕಸುಬು ಬಿಟ್ಟುಬಿಡೋಣ ಅನ್ನಿಸಿದ್ದು ಅದೇ ಮೊದಲು.

ಮಾರನೆಯ ದಿನ ಊಟದ ಹೊತ್ತಿಗೆ ಅಂಗಡಿ ಬಾಗಿಲು ಹಾಕಿ ಡಾರ್ಕ್ ರೂಮಿಗೆ ಹೋದೆ. ತೊಳೆದಿಟ್ಟ ನೆಗೆಟಿವ್ ಒಣಗಿತ್ತು. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಎರಡೂ ರೆಪ್ಪೆ ಮುಚ್ಚಿಕೊಂಡಿವೆ, ಚೊಕ್ಕವಾಗಿ ಬಂದಿದೆ. ಪೆನ್ಸಿಲ್ ಮುಟ್ಟಿಸುವ ಮುಂಚೆ ಒಂದು ಪ್ರಿಂಟ್ ಹಾಕಿ ನೋಡೋಣವೆಂದು ಹೊಸ ಪ್ಯಾಕೆಟ್ಟಿನಿಂದ ಕಾಗದ ತೆಗೆದು, ಬೆಳಕು ಕೊಟ್ಟು, ದ್ರಾವಣದ ತಟ್ಟೆಗೆ ಬಿಟ್ಟೆ. ಕೆಂಪು ದೀಪದಲ್ಲಿ ಮೊದಲು ಪೇಟ ಬಂತು, ಶಲ್ಯ ಬಂತು, ಹಾರ್ಮೋನಿಯಂ ಬಂತು. ಮುಖ ನಿಧಾನವಾಗಿ ಬಂತು. ಕಣ್ಣು ತೆರೆದಿತ್ತು.

ನಾನು ಕಿರುಚಲಿಲ್ಲ, ಓಡಲಿಲ್ಲ. ಮೊದಲು ಬಂದ ಯೋಚನೆ, ಪ್ರಿಂಟ್ ಕಪ್ಪಾಗಿಬಿಡುತ್ತದೆ, ಎತ್ತಬೇಕು ಎಂದು. ಎತ್ತಿ, ಚಿತ್ರ ಮುಂದೆ ಕಪ್ಪಾಗದಂತೆ ನಿಲ್ಲಿಸುವ ಹೈಪೋ ದ್ರಾವಣಕ್ಕೆ ಹಾಕಿದೆ. ಆಮೇಲೆ ದೊಡ್ಡ ದೀಪ ಹಾಕಿ ನೋಡಿದೆ. ತುಸು ಒಳಗೆ ಹೋದ, ದಣಿದ ಕಣ್ಣುಗಳು. ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಅದರ ಹಿಂದೆ ನಿಂತವನನ್ನು, ಅಂದರೆ ನನ್ನನ್ನು ನೋಡುತ್ತಿದ್ದವು. ಕೋಪವಿರಲಿಲ್ಲ. ಕಾದು ಕಾದು ಸಾಕಾದವರು ಕೊನೆಗೆ ಬಂದವನನ್ನು ನೋಡುವಂತೆ ಇತ್ತು. ಎಡಗಣ್ಣಿನ ಬಿಳಿಯಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಧೂಳು ಕೂತಿದೆ ಎಂದುಕೊಂಡೆ. ಅಂಥ ಚುಕ್ಕೆಗಳನ್ನು ಮುಚ್ಚುವುದು ನಮಗೆ ಕೈಗೆ ಬಂದ ಅಭ್ಯಾಸ. ಆದರೆ ಅಂದು ಆ ಮುಖಕ್ಕೆ ಕುಂಚ ತಾಗಿಸಲು ಕೈ ಬರಲಿಲ್ಲ.

ನೆಗೆಟಿವ್ ಮತ್ತೆ ನೋಡಿದೆ. ರೆಪ್ಪೆ ಮುಚ್ಚಿಯೇ ಇತ್ತು. ಅದೇ ಪ್ಯಾಕೆಟ್ಟಿನ ಕಾಗದದ ಮೇಲೆ ಇನ್ನೊಂದು ಪ್ರಿಂಟ್ ಹಾಕಿದೆ, ಮುಚ್ಚಿದ ಕಣ್ಣು. ಮತ್ತೊಂದು ಹಾಕಿದೆ, ಮುಚ್ಚಿದ ಕಣ್ಣು. ಬೇರೆ ಯಾರದೋ ನೆಗೆಟಿವ್ ಸೇರಿಕೊಂಡಿತೇ ಎಂದು ಅಂಗಡಿಯಲ್ಲಿದ್ದುದನ್ನೆಲ್ಲ ಹುಡುಕಿದೆ. ಕಾಗದವೇ ಕೆಟ್ಟಿದ್ದರೆ ಮಸುಕು ಬರಬೇಕು, ಮನುಷ್ಯನ ನೋಟ ಬರುವುದಿಲ್ಲ. ಹೊರಗೆ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ನಾನು ಒದ್ದೆ ಪ್ರಿಂಟ್ ಹಿಡಿದುಕೊಂಡು ಅಲ್ಲಾಡುವ ಕುರ್ಚಿಯಲ್ಲಿ ಕೂತೆ.

ಇಷ್ಟು ದಿನ ಹುಡುಕಿದ ಚಿತ್ರ ಕೈಯಲ್ಲಿತ್ತು. ಸಂಪಾದಕರ ಮುಂದೆ ಇಟ್ಟಿದ್ದರೆ ಆ ವಾರವೇ ಮುಖಪುಟದಲ್ಲಿ ಬರುತ್ತಿತ್ತು. ಇಟ್ಟುಕೊಳ್ಳೋಣ, ಪುಟ್ಟಮ್ಮನವರಿಗೆ ಇನ್ನೊಂದಕ್ಕೆ ಕಣ್ಣು ಬರೆದು ಕೊಡೋಣ ಎಂದು ಯೋಚಿಸಿದೆ. ಆದರೆ ಮನೆಯಲ್ಲಿ ಆ ಚಿತ್ರದ ಜೊತೆ ಒಬ್ಬನೇ ಇರುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಕಟ್ಟು ಹಾಕಿಸಿ ತೆಗೆದುಕೊಂಡು ಹೋಗಿ ಕೊಟ್ಟೆ. ಆಕೆ ನೋಡಿದರು, ಸೆರಗಿನಿಂದ ಗಾಜು ಒರೆಸಿದರು, ಏನೂ ಹೇಳಲಿಲ್ಲ.

ಹೇಳಿದವರು ಊರಿನವರು. "ಏನ್ ಕೈಯಪ್ಪಾ ಗುರು ನಿಂದು, ಸತ್ತೋರ ಕಣ್ ಬಿಡಿಸ್ತೀಯಲ್ಲ!" ಸುದ್ದಿ ಸೂಲಿಬೆಲೆಯವರೆಗೂ ಹೋಯಿತು. ಎಲ್ಲೆಲ್ಲಿಂದಲೋ ಸಾವಿನ ಮನೆಯವರು ಬರತೊಡಗಿದರು. ನಾನು ಪೆನ್ಸಿಲ್ ಹೆರೆದು ಹೆರೆದು ಬರೆದೆ. ಎಲ್ಲವೂ ಗೊಂಬೆ ಕಣ್ಣು. "ಮೇಷ್ಟ್ರಿಗೆ ಬರ್ದಂಗೆ ನಮ್ಮಪ್ಪಂಗೆ ಯಾಕ್ ಬರೀಲಿಲ್ಲ?" ಎಂದು ಜಗಳ ಆಡಿ ಹೋದರು. ಅತ್ತ ಮದುವೆಯವರು ದೂರವಾದರು. ಹೆಣದ ಫೋಟೋ ತೆಗೆಯುವ ಕ್ಯಾಮೆರಾ ಹಸೆಮಣೆಯ ಮುಂದೆ ಯಾರಿಗೆ ಬೇಕು? ಒಬ್ಬರು ಚಪ್ಪರದ ಬಾಗಿಲಿನಿಂದಲೇ ನನ್ನನ್ನು ವಾಪಸ್ಸು ಕಳಿಸಿದರು. ಬಣ್ಣ ಹಚ್ಚಿಕೊಂಡ ನಾಟಕದ ಹುಡುಗರು ಕೂಡ ನಾನು ಕ್ಯಾಮೆರಾ ಬಿಚ್ಚಿದರೆ ಏನೋ ನೆವ ಹೇಳಿ ಎದ್ದು ಹೋಗುತ್ತಿದ್ದರು. ಯಾವ ಕಲಾವಿದರಿಗಾಗಿ ಈ ಕಸುಬು ಹಿಡಿದೆನೋ ಅವರೇ ನನ್ನ ಮುಂದೆ ಕೂರಲು ಹೆದರಿದರು.

ಎಪ್ಪತ್ತರ ದಶಕದ ನಡುವೆ ಒಮ್ಮೆ ಪುಟ್ಟಮ್ಮನವರು ಹೇಳಿಕಳಿಸಿದರು. ನೆಲಮಂಗಲಕ್ಕೆ ಕೊಟ್ಟಿದ್ದ ಮಗಳು ತಂದೆಯ ಪಟ ಬೇಕೆಂದು ಹಟ ಹಿಡಿದಿದ್ದಳಂತೆ, ಅಂಥದ್ದೇ ಇನ್ನೊಂದು ಮಾಡಿಕೊಡಬೇಕು. ಗೋಡೆಯ ಮೇಲಿದ್ದ ಮೇಷ್ಟ್ರನ್ನು ಅಷ್ಟು ವರ್ಷಗಳ ನಂತರ ನೋಡಿದೆ. ಹಾಗೆಯೇ ನೋಡುತ್ತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು, ಅಮ್ಮಾ, ಎಡಗಣ್ಣಲ್ಲಿ ಧೂಳಿನ ಚುಕ್ಕೆ ಉಳಿದುಬಿಟ್ಟಿದೆ, ಹೊಸದರಲ್ಲಿ ತೆಗೆದುಬಿಡುತ್ತೇನೆ ಅಂದೆ.

"ತೆಗೀಬ್ಯಾಡ" ಅಂದರು ಆಕೆ. "ಅದು ಧೂಳಲ್ಲ. ಕಡೇಗಾಲದಲ್ಲಿ ಕೆಮ್ಮಿ ಕೆಮ್ಮಿ ಆ ಕಣ್ಣಲ್ಲಿ ರಕ್ತ ಕಟ್ಕೊಂಡಿತ್ತು. ಅವ್ರು ಹೋದಾಗ ರೆಪ್ಪೆ ಮುಚ್ಚಿದ್ದು ನಾನೇ. ನನ್ನ ಬಿಟ್ಟು ಯಾರೂ ಅದ ನೋಡಿರ್ಲಿಲ್ಲ." ಪಟದ ಕಡೆ ತಿರುಗಿ, "ನೀನು ಬರೀಲಿಲ್ಲ ಅಂತ ಅವತ್ತೇ ಗೊತ್ತಿತ್ತು ಕಣಪ್ಪಾ. ಕೇಳಿದ್ರೆ ಎಲ್ಲಿ ಮುಚ್ಕೊಂಡ್ಬಿಡ್ತಾವೋ ಅಂತ ಕೇಳ್ಲಿಲ್ಲ" ಅಂದರು.

ಪಟದ ಫೋಟೋ ತೆಗೆಯುವುದು ದೊಡ್ಡ ಕೆಲಸವಲ್ಲ, ನಿನ್ನೆ ಕಸುಬಿಗೆ ಬಂದವನೂ ತೆಗೆದಾನು. ಪಟವನ್ನು ಪಂಚೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿದೆ. ಹುಣಸೇಮರದವರೆಗೂ ಬಂದೆ. ಹೊಸ ಪ್ರಿಂಟಿನಲ್ಲಿ ಕಣ್ಣು ಮುಚ್ಚಿ ಬಂದರೆ ಆಕೆಗೆ ಏನು ಹೇಳಲಿ? ತೆರೆದೇ ಬಂದರೆ ನಾನು ಏನು ಮಾಡಲಿ? ತಿರುಗಿ ಹೋಗಿ, ಕ್ಯಾಮೆರಾ ಕೆಟ್ಟಿದೆ ಎಂದು ಸುಳ್ಳು ಹೇಳಿ, ಪಟವನ್ನು ಅದೇ ಮೊಳೆಗೆ ಹಾಕಿ ಬಂದೆ.

ಆ ವರ್ಷವೇ ಬೋರ್ಡು ಇಳಿಸಿದೆ. ಆಮೇಲೆ ಬೇರೆ ಬೇರೆ ಕೆಲಸ ಮಾಡಿ ಬದುಕಿದೆ, ಅದರಲ್ಲಿ ಬರೆಯುವಂಥದ್ದೇನಿಲ್ಲ. ಆ ಒಂದು ಪ್ರಿಂಟಿನಲ್ಲಿ ಕಣ್ಣು ಹೇಗೆ ತೆರೆದು ಬಂತು ಎಂದು ಯಾರಾದರೂ ಬಲ್ಲವರಿದ್ದರೆ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಕೇಳಿಲ್ಲ. ಕೊಟ್ಟ ಮಾತಿನಂತೆ ಮೇಷ್ಟ್ರು ಫೋಟೋಗೆ ಕೂತರು, ಇಷ್ಟೇ ನಾನು ಹೇಳಬಲ್ಲೆ. ಜೀವ ಇರುವ ಒಂದು ಚಿತ್ರ ನನ್ನ ಕ್ಯಾಮೆರಾದಿಂದ ಬಂದಿದೆ. ಅದನ್ನು ತೆಗೆದವನು ನಾನು ಎಂದು ಹೇಳಿಕೊಳ್ಳಲು ಮಾತ್ರ ಈವರೆಗೂ ಬಾಯಿ ಬಂದಿಲ್ಲ.